ಬಾಣಂತಿಗುಡ್ಡಕ್ಕೆ ಆ ಹೆಸರು ಬಂದದ್ದು

ಮಡ್ಲಕೇರಿಯ ತೆಂಕಣಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಬೋಳು ಗುಡ್ಡವನ್ನು ಬಾಣಂತಿಗುಡ್ಡ ಎನ್ನುತ್ತಾರೆ. ಮಳೆಗಾಲ ಕಳೆದ ಮೇಲೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಪ್ರವಾಸಿಗರು ತಿಮಿಂಗಿಲ ನೋಡಲು ಇಲ್ಲಿಗೆ ಬರುತ್ತಾರೆ. ಬಿಸಿಲಲ್ಲಿ ಕಾದು ಕಾದು, ಒಂದೆರಡು ಡಾಲ್ಫಿನ್ ಕಂಡು, ಎಳನೀರು ಕುಡಿದು ಹೊರಟುಹೋಗುವವರೇ ಹೆಚ್ಚು. ಹುಲ್ಲುಕಡ್ಡಿಯೂ ನೆಟ್ಟಗೆ ನಿಲ್ಲದ ಈ ಗಾಳಿಯಲ್ಲಿ ಬಾಣಂತಿಗೇನು ಕೆಲಸ ಎಂದು ಅವರು ಕೇಳುವುದುಂಟು. ಕೇಳುವುದು ಸರಿಯೇ, ಬಾಣಂತಿಯನ್ನು ಬೆಚ್ಚಗೆ ಒಳಗೆ ಕೂರಿಸುವ ಊರಿದು.

ಹಿಂದೆ ಒಮ್ಮೆ, ಮನೆಮನೆಯವರು ನೇಯ್ದ ತುಂಡುಗಳನ್ನು ಜೋಡಿಸಿದ ಒಂದೇ ರಂಪಣಿ ಬಲೆ ಊರಿಗೆಲ್ಲ ಇದ್ದ ಕಾಲದಲ್ಲಿ, ಈ ಗುಡ್ಡದ ಮೇಲೆ ಜಟ್ಟಿ ಹರಿಕಂತ್ರನೆಂಬವನು ಮೀನು ಕಾಯುತ್ತಿದ್ದನಂತೆ. ನೀರಿನ ಬಣ್ಣ ನೋಡಿ, ಬಂಗಡೆಯ ಹಿಂಡು ಬಂದಿದೆಯೆಂದು ಅವನು ಬಟ್ಟೆ ಬೀಸಿದರೆ ದೋಣಿಗಳು ಬಲೆ ಬಿಡುತ್ತ ಸುತ್ತುವರಿಯುತ್ತಿದ್ದವು, ದಡದಲ್ಲಿ ಊರಿಗೆ ಊರೇ ಹಗ್ಗ ಎಳೆಯುತ್ತಿತ್ತು. ಸಿಕ್ಕ ಮೀನಿನಲ್ಲಿ ಮೊದಲ ಪಾಲು ಊರಿನ ಬಾಣಂತಿಗೆ. ದೋಣಿಗಳ ಯಜಮಾನನಾದ ತಾಂಡೇಲನ ಪಾಲೂ ಅದರ ನಂತರವೇ. ಆ ವರ್ಷ ಬಾಣಂತಿಯಾಗಿದ್ದವಳು ಜಟ್ಟಿಯ ಮಗಳು ಬೊಮ್ಮಿ. ಮಳೆಗಾಲವಿಡೀ ಗಂಜಿನೀರಿನಲ್ಲೇ ಕಳೆದ ಅವಳ ಎದೆಯಲ್ಲಿ ಹಾಲಿರಲಿಲ್ಲ. ಕೂಸು ದಿನೇ ದಿನೇ ಸೊರಗುತ್ತಿತ್ತು. ಮೀನು ಹೊಟ್ಟೆಗೆ ಬಿದ್ದರೆ ಹಾಲೂ ಬಂದೀತು ಎಂದು ಸೂಲಗಿತ್ತಿ ಹೇಳಿದ್ದಳು. ಹಾಗಾಗಿ, ಮಳೆ ನಿಂತ ಮೇಲಿನ ಮೊದಲ ಬಲೆಯ ದಿನ, ನೀರು ಕಪ್ಪಾದದ್ದು ಕಂಡದ್ದೇ ತಡ, ಜಟ್ಟಿ ಹಿಂದೆಮುಂದೆ ನೋಡದೆ ಬಟ್ಟೆ ಬೀಸಿಬಿಟ್ಟ.

ಬಂಗಡೆ ಇತ್ತು, ಸುಳ್ಳಲ್ಲ. ಅದರ ನಡುವೆ ತಿಮಿಂಗಿಲದ ಮರಿಯೊಂದೂ ಇತ್ತು. ಅದರ ತಾಯಿ ಬಲೆಯ ಹೊರಗೆ ಉಳಿದುಬಿಟ್ಟಿತ್ತು. ಅದು ಬಲೆಯ ಮಗ್ಗುಲಲ್ಲೇ ಮೇಲೆದ್ದು ಉಸಿರು ಬಿಟ್ಟ ಸದ್ದಿಗೆ ಹಗ್ಗ ಹಿಡಿದವರ ಕೈ ಸಡಿಲಾಯಿತು. ಬಲೆ ಕೊಯ್ಯದೆ ಮರಿಯನ್ನು ಬಿಡಿಸುವಂತಿರಲಿಲ್ಲ. ಕೊಯ್ದರೆ ಮೀನೆಲ್ಲ ಕೈಬಿಟ್ಟಂತೆ. ಮರಿಯನ್ನು ಈಟಿಯಿಂದ ತಿವಿದು ಎಳೆಯೋಣ, ದೋಣಿಗೆ ಬಳಿಯಲು ಎಣ್ಣೆಯಾದರೂ ಆದೀತು ಎಂದರು ಕೆಲವರು. ಗುಡ್ಡದಿಂದ ಓಡಿಬಂದ ಜಟ್ಟಿ ಏದುಸಿರು ಬಿಡುತ್ತ ತಾಂಡೇಲ ಹೊನ್ನಪ್ಪನೆದುರು ನಿಂತ.

“ಮೊದ್ಲ ಪಾಲು ಬಾಣಂತೀದು ಅಲ್ದಾ? ಅಲ್ಲಿ ಹೊರಗೆ ಸುತ್ತತಾ ಇರೂದೂ ಬಾಣಂತಿನೇಯಾ. ಅದರ ಪಾಲು ಅದಕ್ಕೆ ಕೊಡು.”

“ಪಾಲು ಇರೂದು ಒಂದೇ, ಜಟ್ಟಿ,” ಎಂದ ಹೊನ್ನಪ್ಪ. “ಅದಕ್ಕೆ ಕೊಟ್ರೆ ನಿನ್ನ ಮಗಳಿಗೆ ಎಂತದೂ ಇಲ್ಲ.”

ಜಟ್ಟಿ ಈಜಿಹೋಗಿ, ಬಲೆಯಲ್ಲಿ ತನ್ನ ಮನೆಯವರು ನೇಯ್ದ ತುಂಡು ಯಾವುದೆಂದು ಹುಡುಕಿ, ಅದನ್ನೇ ಕೊಯ್ದ. ಮರಿ ಹೋಯಿತು, ಅದರ ಹಿಂದೆ ಬಂಗಡೆಯೂ ಹೋಯಿತು. ಬರಿ ಬುಟ್ಟಿ ಹಿಡಿದು ಬಂದ ಅಪ್ಪನನ್ನು ಬೊಮ್ಮಿ ಕೇಳಿದ್ದು ಇಷ್ಟೇ:

“ಮರಿ ಅಬ್ಬೆ ಹತ್ರ ಹೋಯ್ತಾ, ಅಪ್ಪಾ?”

“ಹೋಯ್ತು, ಮಗಾ.”

ಹರಿದ ಬಲೆಯನ್ನು ಕಟ್ಟಿ ಮತ್ತೆ ನೀರಿಗಿಳಿಸುವಷ್ಟರಲ್ಲಿ ಕೂಸು ತೀರಿಕೊಂಡಿತು. ಊರಲ್ಲಿ ಯಾರೂ ಜಟ್ಟಿಯನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಅವನು ಮತ್ತೆ ಗುಡ್ಡ ಹತ್ತಲಿಲ್ಲ. ಬಾಣಂತನದ ದಿನಗಳು ಮುಗಿಯುವ ಮುಂಚೆಯೇ ಬೊಮ್ಮಿ ಹತ್ತಿ ಕುಳಿತಳು. ಹೆಂಗಸು, ಅದೂ ಹಸಿ ಬಾಣಂತಿ ಎಂದು ಗೊಣಗಿದವರು, ಅವಳ ಕಣ್ಣು ಅಪ್ಪನ ಕಣ್ಣಿಗಿಂತ ಚುರುಕೆಂದು ಕಂಡ ಮೇಲೆ ಬಾಯಿ ಮುಚ್ಚಿಕೊಂಡರು. ಗುಡ್ಡಕ್ಕೆ ಹೆಸರು ಬಂದದ್ದು ಹಾಗೆ ಎನ್ನುತ್ತಾರೆ. ಮರುವರ್ಷ ಒಂದು ದಿನ ಹಿಂಡು ದಡದಿಂದಲೇ ಕಾಣುವಷ್ಟು ಹತ್ತಿರ ಬಂತು. ದೋಣಿಗಳು ಸಿದ್ಧವಾಗಿದ್ದವು. ಬೊಮ್ಮಿ ಮಾತ್ರ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದಳು. ಹೊನ್ನಪ್ಪ ಜಟ್ಟಿಯ ಕಡೆ ನೋಡಿದ. ಹಿಂಡಿನ ನಡುವೆ ಮತ್ತೊಬ್ಬ ಬಾಣಂತಿ ಮರಿಯೊಡನೆ ಇದ್ದಾಳೆಂದು ಜಟ್ಟಿಗೆ ತಿಳಿಯಿತು. ಅವನು ಹಗ್ಗ ಕೆಳಗಿಟ್ಟ. ಒಬ್ಬೊಬ್ಬರಾಗಿ ಉಳಿದವರೂ ಇಟ್ಟರು.

ಈಗ ಊರಲ್ಲಿ ರಂಪಣಿ ಇಲ್ಲ, ಗುಡ್ಡದಲ್ಲಿ ಮೀನು ಕಾಯುವವರೂ ಇಲ್ಲ. ಅಪರೂಪಕ್ಕೆ ದೂರದ ನೀರಿನಲ್ಲಿ ತಿಮಿಂಗಿಲದ ಉಸಿರು ಚಿಮ್ಮಿದಾಗ ಪ್ರವಾಸಿಗರು ಎದ್ದು ನಿಂತು ಕೈ ಬೀಸಿ ಕೂಗುತ್ತಾರೆ. ಪಕ್ಕದಲ್ಲಿ ನಿಂತ ಊರವರು ಮಾತ್ರ, ಬೀಸಿದರೆ ಬಲೆ ಬಿದ್ದೀತೆಂಬಂತೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಾರೆ.