ಕಟ್ಟೆಯ ಮೇಲೆ ಕೂತ ಕುಲಪತಿ

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅದರ ಬಾಗಿಲಿಗೆ ಒಂದು ಬೆಳಿಗ್ಗೆ ದೊಡ್ಡ ಕಾರು ಬಂದು ನಿಂತಿತು.

ಇಳಿದವನು ಗುರುಮಲ್ಲೇಶ. ಹುಡುಗನಾಗಿದ್ದಾಗ ಇದೇ ಆಶ್ರಮದ ಅನ್ನ ಉಂಡು ಓದಿದವನು. ಆಮೇಲೆ ಬಣ್ಣದ ಕಂಪನಿಯೊಂದಕ್ಕೆ ಸೇರಿ, ಅಂಗಡಿ ಅಂಗಡಿ ತಿರುಗಿ ಡಬ್ಬ ಮಾರಿ, ಒಂದೊಂದೇ ಮೆಟ್ಟಿಲು ಹತ್ತಿ, ಕೊನೆಗೆ ಆ ಕಂಪನಿಗೇ ಎಂ.ಡಿ. ಆದವನು. ಈಗ ಸರ್ಕಾರ ಅವನನ್ನು ಕರೆದು ಒಂದು ವಿಶ್ವವಿದ್ಯಾಲಯದ ಕುಲಪತಿ ಮಾಡಿತ್ತು.

ಇಷ್ಟಾದ ಮೇಲೆ ಮನುಷ್ಯ ಎದೆಯುಬ್ಬಿಸಿಕೊಂಡು ಬರಬೇಕು, ಅಲ್ಲವೇ? ಇವನು ನೋಡಿದರೆ ಜ್ವರ ಬಂದವನ ಹಾಗೆ ನಡುಗುತ್ತಿದ್ದ.

ಗುರುಗಳು ಜಗಲಿಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ಎಂಬತ್ತು ದಾಟಿದ ಮುದುಕರು. ಗುರುಮಲ್ಲೇಶ ಕಾಲಿಗೆ ಬಿದ್ದ. ಅವರು ಕೈ ಹಿಡಿದು ಎಬ್ಬಿಸಿದರು.

"ಏನಪ್ಪಾ ಮಲ್ಲೇಶ, ಕೈ ಇಷ್ಟು ತಣ್ಣಗಿದೆ?"

"ಹೆದರಿಕೆ, ಬುದ್ಧಿ."

"ಯಾರ ಹೆದರಿಕೆ?"

"ನಾಳೆ ಅಧಿಕಾರ ವಹಿಸ್ಕೋಬೇಕು. ಮೇಷ್ಟರುಗಳು, ಹುಡುಗರು, ಎಲ್ಲ ಸಭೆ ಸೇರಿರ್ತಾರೆ. ಬಣ್ಣ ಮಾರಿದವನಿಗೆ ಇಲ್ಲೇನು ಕೆಲಸ ಅಂತ ಕೇಳ್ತಾರೆ. ಯಾವ ವಿಭಾಗ ಮುಚ್ಚಿಸ್ತೀರಿ, ಯಾವುದನ್ನ ಉಳಿಸ್ತೀರಿ ಅಂತ ಕೇಳ್ತಾರೆ."

"ಕಂಪನಿಯಲ್ಲಿ ಯಾರೂ ಕೇಳ್ತಿರಲಿಲ್ವೇ?"

"ಕೆಳಗಿನವರು ಕೇಳೋ ಹಾಗಿರಲಿಲ್ಲ. ಮೇಲಿನವರು ಕೇಳ್ತಿದ್ದರು. ಮಿಕ್ಕವರೆಲ್ಲ 'ನೋಡಿ ಹೇಳ್ತೀನಿ ಸರ್' ಅಂತ ತಲೆ ಕೆರ್ಕೊಳ್ಳೋರು. ನಾನು ನಿಂತ ಕಾಲಲ್ಲೇ ಉತ್ತರ ಹೇಳ್ತಿದ್ದೆ. ಅದಕ್ಕೇ ಅವರು ಅಲ್ಲೇ ಉಳಿದರು, ನಾನು ಮೇಲೆ ಹೋದೆ."

"ಹಾಗಾದರೆ ನಾಳೆಯೂ ಹಾಗೇ ಹೇಳು."

"ಇವರು ಓದಿದವರು ಬುದ್ಧಿ! ಒಂದು ಸಲ ತಡವರಿಸಿದೆನೋ, ಹರಿದು ಮುಕ್ಕಿಬಿಡ್ತಾರೆ. ಊಟ ಸೇರ್ತಿಲ್ಲ. ಎದೆ ಡವಡವ ಅಂತಿದೆ. ತಡವರಿಸದೆ ಉತ್ತರ ಕೊಡೋ ಶಕ್ತಿ ಬರಲಿ ಅಂತ ಆಶೀರ್ವಾದ ಮಾಡಿ. ಅಷ್ಟೇ ಕೇಳೋಕೆ ಬಂದೆ."

ಗುರುಗಳು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಇವತ್ತು ಕಟ್ಟೆ ಮೇಲೆ ನೀನು ಕೂತ್ಕೋ" ಎಂದರು.

ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ದಿನಾ ಬೆಳಿಗ್ಗೆ ಗುರುಗಳು ಅಂಗಳದ ಕಲ್ಲುಕಟ್ಟೆಯ ಮೇಲೆ ಕೂರುವರು. ಸುತ್ತಲ ಊರಿನವರು ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದು. ಗುರುಗಳಿಗೆ ಮೈ ಸರಿಯಿಲ್ಲದ ದಿನ ಶಿಷ್ಯರಲ್ಲಿ ಒಬ್ಬರನ್ನು ಕೂರಿಸುವರು. ಯಾರೇ ಕೂತಿರಲಿ, ಕಟ್ಟೆಯ ಮೇಲೆ ಆಡಿದ ಮಾತಿಗೆ ಜನ ಮರುಮಾತು ಆಡುತ್ತಿರಲಿಲ್ಲ.

"ನಾನು ಕೂತು ಏನು ಮಾಡ್ಲಿ ಬುದ್ಧಿ?"

"ಕೇಳಿದ್ದಕ್ಕೆ ಉತ್ತರ ಹೇಳು."

ಗೊತ್ತಿಲ್ಲದ್ದನ್ನು ಕೇಳಿದರೆ ಏನು ಮಾಡಲಿ ಎಂದು ಅವನು ಕೇಳಬೇಕಿತ್ತು. ಕೇಳಲಿಲ್ಲ. ಆ ಪ್ರಶ್ನೆ ಪುಣ್ಯಾತ್ಮನ ತಲೆಗೇ ಬರಲಿಲ್ಲ.

ಜನ ಬಂದರು. ಕಟ್ಟೆಯ ಮೇಲೆ ಹೊಸ ಮುಖ ಕಂಡು ಕೈ ಮುಗಿದು ಕೂತರು. ಗುರುಗಳು ಕೋಲು ಹಿಡಿದು ಹಿಂದೆ ಒಂದು ಮೂಲೆಯಲ್ಲಿ ಕೂತರು.

"ತಮ್ಮ ಮಾತು ಬಿಟ್ಟಿದ್ದಾನೆ ಸ್ವಾಮಿ. ನಾನೇ ಹೋಗಿ ಮಾತಾಡಿಸಲಾ?" ಒಬ್ಬ ಕೇಳಿದ.

"ಇವತ್ತೇ ಹೋಗಿ."

"ಮಗಳನ್ನ ನರ್ಸಿಂಗ್‌ಗೆ ಸೇರಿಸ್ಲಾ, ಟೀಚರ್ ಓದಿಸ್ಲಾ?" ಇನ್ನೊಬ್ಬ ಕೇಳಿದ.

"ನರ್ಸಿಂಗ್."

ಉತ್ತರಗಳು ಪಟಪಟ ಬಂದವು. ಗುರುಮಲ್ಲೇಶನ ನಡುಕ ಕಮ್ಮಿಯಾಯಿತು. ಅಬ್ಬಾ, ನಾಳೆಯೂ ಇಷ್ಟೇ ಅಲ್ಲವೇ ಎಂದುಕೊಂಡ.

ಆಗ ಪುಟ್ಟಮಾದಮ್ಮ ಬಂದಳು. ಕಂಕುಳಲ್ಲಿ ಮೊಮ್ಮಗಳು. ಮಗುವಿನ ಕಣ್ಣು ಅರ್ಧ ಮುಚ್ಚಿತ್ತು.

"ಬುದ್ಧಿ, ಮಗೀಗೆ ಜ್ವರ. ಆಚೆ ಊರಿನ ಆಸ್ಪತ್ರೆಗೆ ಹೋಗ್ಬೇಕು. ಹೊಳೆ ದಾಟ್ಬೋದಾ? ಡ್ಯಾಮಿಂದ ನೀರು ಬಿಡ್ತಾರೆ ಅಂತ ಯಾರೋ ಅಂದ್ರು."

ಗುರುಮಲ್ಲೇಶನಿಗೆ ಏನು ಗೊತ್ತಿತ್ತು? ಬರುವಾಗ ಕಾರಿನ ಕಿಟಕಿಯಲ್ಲಿ ಹೊಳೆ ಕಂಡಿತ್ತು. ಬಂಡೆಗಳು ತಲೆ ಎತ್ತಿಕೊಂಡಿದ್ದವು. ಅಷ್ಟೇ.

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಈಗ ತಡವರಿಸಿದರೆ ಮುಗಿಯಿತು ಎನ್ನಿಸಿತು.

"ದಾಟಮ್ಮ, ಏನೂ ಆಗಲ್ಲ. ಮೊಣಕಾಲುದ್ದ ನೀರೂ ಇಲ್ಲ" ಎಂದ.

"ಸರಿ ಬುದ್ಧಿ" ಎಂದು ಅವಳು ಸರಸರನೆ ನಡೆದಳು.

ಇನ್ನೊಬ್ಬರು ಕೇಳಿದರು. ಅದಕ್ಕೂ ಹೇಳಿದ. ಮತ್ತೊಬ್ಬರು ಕೇಳುವಾಗ ಸುಮ್ಮನೆ ಹಿಂದೆ ತಿರುಗಿ ನೋಡಿದ. ಮೂಲೆ ಖಾಲಿ. ಕೋಲೂ ಇರಲಿಲ್ಲ.

"ಬುದ್ಧಿಯವರು ಎಲ್ಲಿ?"

"ಆಗ್ಲೇ ಆ ಹೆಂಗಸಿನ ಹಿಂದೆ ಹೊಳೆ ಕಡೆ ಹೋದ್ರಲ್ಲ, ನೀವು ನೋಡ್ಲಿಲ್ವಾ?" ಎಂದ ಒಬ್ಬ ಮುದುಕ.

"ಯಾಕೆ ಹೋದ್ರು?"

"ನಮಗೇನು ಗೊತ್ತು ಸ್ವಾಮಿ? ನೀರಿನ ಸದ್ದು ಬೇರೆ ಥರ ಕೇಳ್ತಿದೆ."

ಗುರುಮಲ್ಲೇಶ ಕಿವಿಗೊಟ್ಟ. ಹೌದು. ಹೊಳೆಯ ಕಡೆಯಿಂದ ಭೋರ್ ಎನ್ನುವ ಸದ್ದು ಬರುತ್ತಿತ್ತು. ಬರುವಾಗ ಅದು ಇರಲಿಲ್ಲ.

ಕಟ್ಟೆಯಿಂದ ಹಾರಿದ. ಚಪ್ಪಲಿ ಮೆಟ್ಟದೆ ಓಡಿದ. ದಾರಿಯುದ್ದಕ್ಕೂ ಆ ಮಗುವಿನ ಅರೆಮುಚ್ಚಿದ ಕಣ್ಣು ಕಣ್ಣೆದುರೇ ಇತ್ತು. ಅಯ್ಯೋ ಶಿವನೇ, ಏನೂ ಆಗದಿರಲಿ, ಏನೂ ಆಗದಿರಲಿ ಎಂದುಕೊಳ್ಳುತ್ತ ಓಡಿದ.

ಹೊಳೆ ಕೆಂಪಗಾಗಿತ್ತು. ಬೆಳಿಗ್ಗೆ ಕಂಡ ಬಂಡೆ ಒಂದೂ ಕಾಣಲಿಲ್ಲ.

ದಡದಿಂದ ಸ್ವಲ್ಪ ದೂರದಲ್ಲಿ ನೀರಿನೊಳಗೆ, ಮಗುವನ್ನು ಹೆಗಲ ಮೇಲೆ ಎತ್ತಿಕೊಂಡು ಪುಟ್ಟಮಾದಮ್ಮ ನಿಂತಿದ್ದಳು. ಅವಳ ಮುಂದೆ ಸೊಂಟದುದ್ದ ನೀರಿನಲ್ಲಿ ಗುರುಗಳು. ಕೋಲು ಊರಿ, ಇನ್ನೊಂದು ತೋಳು ಚಾಚಿ ದಾರಿಗೆ ಅಡ್ಡ ನಿಂತಿದ್ದರು. ಅವರು ತೂರಾಡುವುದು ದಡಕ್ಕೇ ಕಾಣುತ್ತಿತ್ತು.

"ದಾರಿ ಬಿಡಿ ಬುದ್ಧಿ! ಏನೂ ಆಗಲ್ಲ ಅಂತ ಕಟ್ಟೆ ಮೇಲೆ ಹೇಳಿದ್ದಾರೆ. ನೀವೇ ಕೂರಿಸಿದೋರ ಮಾತು ಅಲ್ವಾ?" ಪುಟ್ಟಮಾದಮ್ಮ ಕೂಗುತ್ತಿದ್ದಳು.

"ಬೇಡಮ್ಮ! ವಾಪಸ್ ಬಾ!" ಗುರುಮಲ್ಲೇಶ ದಡದಿಂದ ಕಿರುಚಿದ.

ಅವಳು ತಿರುಗಿ ನೋಡಿದಳು. "ಆಗ ದಾಟು ಅಂದ್ರಿ, ಈಗ ಬೇಡ ಅಂತೀರಿ! ಯಾವುದು ನಿಜ?"

ನೀರು ಗುರುಗಳ ಎದೆಗೆ ಬಂದಿತ್ತು.

ಗುರುಮಲ್ಲೇಶ ಬಾಯಿ ತೆರೆದ. ಇಷ್ಟು ವರ್ಷ, ಇಷ್ಟು ಸಭೆಗಳಲ್ಲಿ, ಒಂದು ಸಲವೂ ಆಡದ ಮಾತು ಅದು.

"ಗೊತ್ತಿಲ್ಲ!" ಎಂದು ಅರಚಿದ. "ನನಗೆ ಗೊತ್ತಿಲ್ಲ ಕಣಮ್ಮ! ಆಗಲೂ ಗೊತ್ತಿರಲಿಲ್ಲ! ಬಾಯಿಗೆ ಬಂದದ್ದು ಹೇಳಿಬಿಟ್ಟೆ!"

ಪುಟ್ಟಮಾದಮ್ಮನ ಮುಖ ಬಿಳಿಚಿತು. ಆಮೇಲೆ ದಡದ ಕಡೆ ತಿರುಗಿದಳು.

ಗುರುಮಲ್ಲೇಶ ನೀರಿಗೆ ಧುಮುಕಿದ. ಮಗುವನ್ನು ಇಸಿದುಕೊಂಡು, ಅವಳನ್ನೂ ಕರೆದುಕೊಂಡು ದಡ ಮುಟ್ಟಿಸಿದ. ಮತ್ತೆ ಹೋಗಿ ಗುರುಗಳ ಕೈ ಹಿಡಿದ. ಅಷ್ಟರಲ್ಲಿ ಅವರ ಕಾಲು ಜಾರಿತು. ಕೋಲು ಕೊಚ್ಚಿಹೋಯಿತು. ಒಂದು ಗಳಿಗೆ ಅವರ ತಲೆಯೂ ಕಾಣಲಿಲ್ಲ. ಅವನು ಹಿಡಿದ ಕೈ ಬಿಡಲಿಲ್ಲ.

ಹೇಗೋ ದಡ ಸೇರಿದರು.

ಪುಟ್ಟಮಾದಮ್ಮ ಮಗುವನ್ನು ಎದೆಗೆ ಅವಚಿಕೊಂಡು ಕೂತಳು. ಉಸಿರು ಬಂದ ಮೇಲೆ ಬೈದಳು. "ಗೊತ್ತಿಲ್ಲ ಅಂತ ಆಗ್ಲೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಂಬಿ ಬಂದೆನಲ್ಲ! ಈ ಮಗಾನ ಹೊಳೆಪಾಲು ಮಾಡ್ತಿದ್ರಲ್ಲ!"

ಗುರುಮಲ್ಲೇಶ ಆಶ್ರಮದಿಂದ ತನ್ನ ಕಾರಿನ ಡ್ರೈವರನನ್ನು ಕರೆಸಿ, ದೂರದ ಸೇತುವೆ ಮೇಲಿಂದ ಸುತ್ತಿ ಇವರನ್ನು ಆಸ್ಪತ್ರೆಗೆ ಮುಟ್ಟಿಸಿ ಬಾ ಎಂದ. ಕಾರು ಇದೆ ಎನ್ನುವುದು ಕಟ್ಟೆಯ ಮೇಲೆ ಕೂತಿದ್ದಾಗ ಅವನಿಗೆ ನೆನಪೇ ಆಗಿರಲಿಲ್ಲ.

ಕಾರು ಹೋಯಿತು. ದಂಡೆಯ ಮೇಲೆ ಇಬ್ಬರೇ ಉಳಿದರು. ಗುರುಗಳು ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದರು. ಬಟ್ಟೆಯ ನೀರು ಹಿಂಡುತ್ತ ಗುರುಮಲ್ಲೇಶನೂ ನಡುಗುತ್ತಿದ್ದ.

"ಅಂಗಳದಲ್ಲೇ ಅವಳನ್ನ ತಡೀಬಹುದಿತ್ತಲ್ಲ ಬುದ್ಧಿ?"

"ತಡೆದೆ. ದಾರಿಯುದ್ದಕ್ಕೂ ಬೇಡ ಅಂದೆ. ಕಟ್ಟೆ ಮಾತೇ ದೊಡ್ಡದು ಅಂದಳು."

"ನೀವು ಮುಳುಗಿಹೋಗಿದ್ದರೆ?"

"ಮುಳುಗಿಹೋಗ್ತಿದ್ದೆ."

ಗುರುಮಲ್ಲೇಶ ತಡೆತಡೆದು ಮಾತಾಡಿದ.

"ಕಂಪನಿಯಲ್ಲಿ ಒಂದು ಸಲ ಮೇಲಿನವರು ಕೇಳಿದರು. ಹಳೇ ಕಾರ್ಖಾನೆ ಮುಚ್ಚಬಹುದಾ, ಅಲ್ಲಿನ ಜನಕ್ಕೆ ತೊಂದರೆ ಆಗುತ್ತಾ ಅಂತ. ಮುಚ್ಚಿ, ಏನೂ ಆಗಲ್ಲ ಅಂದೆ."

"ಏನಾಯ್ತು?"

"ನಾನು ಹೋಗಿ ನೋಡಲಿಲ್ಲ ಬುದ್ಧಿ. ಅಷ್ಟರಲ್ಲಿ ನನಗೆ ಬಡ್ತಿ ಬಂದಿತ್ತು."

ಗುರುಗಳು ಅವನ ಕಡೆ ತಿರುಗಿದರು.

"ಈ ಕುಲಪತಿ ಕೆಲಸ ನನಗೆ ಬೇಡ" ಎಂದ ಗುರುಮಲ್ಲೇಶ. "ಬೆಳಿಗ್ಗೆ ನನ್ನ ಮಾನ ಎಲ್ಲಿ ಹೋಗುತ್ತೋ ಅಂತ ಹೆದರಿದ್ದೆ. ಈಗ ಅಲ್ಲಿ ಓದೋ ಮಕ್ಕಳಿಗೆ ಏನು ಮಾಡಿಬಿಡ್ತೀನೋ ಅಂತ ಹೆದರಿಕೆ ಆಗ್ತಿದೆ. ಇದು ಅದಕ್ಕಿಂತ ಹೆಚ್ಚು. ಇದನ್ನ ಹೇಗಾದರೂ ಕಳೀರಿ, ಇಲ್ಲ ಅಂದರೆ ನಾನು ಹೋಗೋದಿಲ್ಲ."

"ಕಳ್ಕೋಬೇಡ, ಈ ಹೆದರಿಕೆನ ಇಟ್ಕೊಂಡೇ ಹೋಗು" ಎಂದರು ಗುರುಗಳು. "ಅಲ್ಲೂ ನಿನ್ನ ಮಾತು ನಂಬಿ ಜನ ಹೊಳೆಗೆ ಇಳೀತಾರೆ. ಆ ಹೊಳೆ ಕಣ್ಣಿಗೆ ಕಾಣೋದಿಲ್ಲ."