ಬಾಗಿಲ ಮೇಲಿನ ಹೆಸರು

ಎರಡು ನಾಲಿಗೆಯ ಕೇರೆಹಾವೇ ಹೇಳಿದ ಕಥೆಯಿದು, ಅರ್ಧವಾದರೂ ನಿಜವಿದ್ದೀತು. ಗೆದ್ದಲುಗಳ ಹುತ್ತ ನಡೆಯುತ್ತಿದ್ದುದೇ ಕಂಪ್ಯೂಟರ್ ಕೋಡ್ ಮೇಲೆ. ಅದನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ಅಲ್ಲಿ ಬಿಟ್ಟಿಯಾಗಿ ಬಿಡಾರ ಹೂಡಿದ್ದ ಹಾವು ಮಾತ್ರ ದಿನವೂ ಗೊಣಗುತ್ತಿತ್ತು: "ಬಾಗಿಲು ಕಿರಿದು, ಹೊಟ್ಟೆ ಉಜ್ಜುತ್ತದೆ!"

"ನೀವೇ ತಿದ್ದಿ ಕಳಿಸಿ ಹಾವಣ್ಣ, ಸೇರಿಸಿಕೊಳ್ಳುತ್ತೇವೆ," ಎಂದಿತು ಹಿರಿಗೆದ್ದಲು.

"ಬಾಗಿಲ ಮೇಲೆ ನನ್ನ ಹೆಸರು?"

"ತಿದ್ದಿದವರ ಹೆಸರು ಹಾಕುವುದೇ ನಮ್ಮ ಪದ್ಧತಿ."

ಹಾವು ಕೋಡಿನಲ್ಲಿ ಬಾಗಿಲಿನ ಅಳತೆಯಿದ್ದ ಒಂದೇ ಒಂದು ಸಾಲು ತಿದ್ದಿತು. ಬಾಗಿಲು ಅಗಲವಾಯಿತು, ಮೇಲೆ ಹೆಸರೂ ಬಂತು. ಉಂಡು ಮಲಗಿದ ಹಾವಿಗೆ ಹೊರಗೆ ಮುಂಗುಸಿಯ ದನಿ ಕೇಳಿಸಿತು: "ಆಹಾ, ನನ್ನ ಅಳತೆಗೇ ಮಾಡಿದ್ದಾರಲ್ಲ! ಈ ಕೇರೆಹಾವು ಎನ್ನುವ ಪುಣ್ಯಾತ್ಮರು ಒಳಗಿದ್ದಾರೆಯೇ?"

"ಹೆಸರು ತಪ್ಪಾಗಿ ಬಿದ್ದಿದೆ ಸ್ವಾಮಿ," ಎಂದಿತು ಹಾವು, ಹಿಂದಿನ ಕಿಂಡಿಯಲ್ಲಿ ಹೊಟ್ಟೆ ಉಜ್ಜಿಕೊಂಡು ನುಸುಳುತ್ತ, "ತಿದ್ದಿದ್ದು ಕಪ್ಪೆ!"