ಹುಟ್ಟಿಲ್ಲದ ಹರಿಗೋಲು

"ಬುದ್ಧೀ, ಮಕ್ಕಳನ್ನು ಆಟಕ್ಕೆ ಎಲ್ಲಿಯವರೆಗೆ ಬಿಡಬೇಕು?"

ಮಠದ ಶಿಶುಶಾಲೆ ನೋಡಿಕೊಳ್ಳುತ್ತಿದ್ದ ಮರುಳಸಿದ್ದ ಗುರುಗಳನ್ನು ಹೀಗೆ ಕೇಳುವಾಗ ಅವನ ಮುಖ ಬಾಡಿತ್ತು. ಐದು ತುಂಬದ ಮಕ್ಕಳು ಮೂರು ಹೊತ್ತೂ ಮರಳಿನಲ್ಲೇ ಇರುತ್ತವೆ, ಒಂದಕ್ಷರ ತಿದ್ದಿಲ್ಲ ಎಂದು ಊರ ಹಿರಿಯರು ಸಿಟ್ಟಾಗಿದ್ದರು. ನಾಳೆ ಬಂದು ಮರಳನ್ನೆಲ್ಲ ಹೊರಗೆ ಹಾಕಿಸುತ್ತೇವೆ ಎಂದು ಹೇಳಿ ಹೋಗಿದ್ದರು.

ಗುರುಗಳು "ಕೂತುಕೋ" ಎಂದು ಕತೆ ತೆಗೆದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲು ನಡೆಸುವುದರಲ್ಲಿ ಎತ್ತಿದ ಕೈ. ಬಿದಿರಿನ ಆ ದುಂಡು ದೋಣಿಗೆ ಮುಂದಿಲ್ಲ, ಹಿಂದಿಲ್ಲ. ಎಚ್ಚರ ತಪ್ಪಿದರೆ ಗಿರಗಿರನೆ ತಿರುಗುತ್ತದೆ. ಮಗ ತನಗಿಂತ ಬೇಗ ಕಲಿಯಬೇಕು ಎಂಬ ಹಂಬಲ ಅವನಿಗೆ. ಹಾಲುಹಲ್ಲು ಬೀಳುವ ಮೊದಲೇ ಮಗನನ್ನು ಒಣ ಮರಳಿನ ಮೇಲೆ ಕೂರಿಸಿ, ಕೈಗೆ ನೀರು ಎಳೆಯುವ ಮರದ ಹುಟ್ಟು ಕೊಟ್ಟು, ಎಳೆ, ಎತ್ತು, ಎಳೆ ಎಂದು ಹೇಳಿಕೊಡತೊಡಗಿದ. ನೀರಿಗಿಳಿದರೆ ಆಟಕ್ಕೆ ಬೀಳುತ್ತಾನೆ ಎಂಬ ಭಯ. ಹುಡುಗನೂ ಪಾಪ, ಹೇಳಿದ್ದನ್ನೆಲ್ಲ ಕಲಿತ.

ಚಿಕ್ಕವಳು ಮಗಳು. ಅವಳನ್ನೂ ಕೂರಿಸಲು ಹೋದಾಗ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡ್ಡ ನಿಂತಳು. "ಒಬ್ಬನನ್ನು ಒಣಗಿಸಿದ್ದು ಸಾಕು. ಇವಳನ್ನು ಮುಟ್ಟಿ ನೋಡಿ!" ಎಂದಳು. ಅತ್ತೆ ಬೈದಳು, ಕೇರಿಯವರು ಆಡಿಕೊಂಡರು. ಅವಳು ಜಗ್ಗಲಿಲ್ಲ. ಹಳೆಯ ಹರಿಗೋಲೊಂದಕ್ಕೆ ಹಗ್ಗ ಕಟ್ಟಿ ಮೊಣಕಾಲುದ್ದದ ನೀರಿಗೆ ಬಿಟ್ಟು, ಪಕ್ಕದಲ್ಲೇ ಬಟ್ಟೆ ಒಗೆಯುತ್ತ ಕಣ್ಣಿಟ್ಟಿರುತ್ತಿದ್ದಳು. ಕೇರಿಯ ಮಕ್ಕಳೆಲ್ಲ ಅದರಲ್ಲಿ ತುಂಬಿಕೊಂಡು ತಿರುಗುವುದೇನು, ಮಗುಚುವುದೇನು, ಆ ಕೇಕೆಯೇನು! ಅಂಬಿಗ ಅವಕ್ಕೆ ಹುಟ್ಟು ಕೊಟ್ಟಿರಲಿಲ್ಲ. ಅವು ಕೇಳಲೂ ಇಲ್ಲ.

ಮಕ್ಕಳು ಬೆಳೆದರು. ಮಗ ಮೊದಲ ಸಲ ಹೊಳೆ ದಾಟಿಸುವ ದಿನ ಬಂತು. ಆ ದಿನ ಮನೆಮಂದಿಯೆಲ್ಲ ಹರಿಗೋಲಿನಲ್ಲಿ ಕೂರಬೇಕು, ತಂದೆ ಹುಟ್ಟು ಮುಟ್ಟುವಂತಿಲ್ಲ. ಅದು ಆ ಕೇರಿಯ ಪದ್ಧತಿ. ನಡುಹೊಳೆಯಲ್ಲಿ ಹರಿಗೋಲು ಸುಳಿಯ ಅಂಚಿಗೆ ಸಿಕ್ಕಿ ತಿರುಗತೊಡಗಿತು. ಒಣ ಮರಳು ಎಂದಾದರೂ ತಿರುಗೀತೇ? ಹುಡುಗ ಕಂಗಾಲಾದ. ಕಲಿತಂತೆ ಎಳೆದ, ಎತ್ತಿದ, ಇನ್ನೂ ಜೋರಾಗಿ ಎಳೆದ. ಹುಟ್ಟು ಕೈಜಾರಿ ಹೊಳೆಪಾಲಾಯಿತು. ಹುಟ್ಟಿಲ್ಲದೆ ಏನು ಮಾಡಬೇಕೆಂದು ಅಂಬಿಗನಿಗೂ ತಿಳಿಯದು. ಹೆಂಡತಿ ಮಕ್ಕಳನ್ನು ಕೈಯಾರೆ ನೀರಿಗೆ ಕೊಟ್ಟೆನೇ ಎಂದು ಹಲುಬಿದ.

ಅಷ್ಟರಲ್ಲಿ ಮಗಳು ಅಂಚಿನ ಮೇಲೆ ಬೋರಲು ಬಿದ್ದಿದ್ದಳು. "ಅಪ್ಪಾ, ಈ ಕಡೆ ವಾಲು! ಅಣ್ಣಾ, ನೀನೂ ವಾಲು!" ಎಂದು ಕೂಗುತ್ತ ಕೈಯಿಂದ ನೀರು ಎಳೆದಳು. ತಿರುಗುವುದನ್ನು ಅವಳು ತಡೆಯಲಿಲ್ಲ. ತಿರುಗಿಸುತ್ತಲೇ ದಡದತ್ತ ಜರುಗಿಸಿದಳು. ಕಾಲಿಗೆ ನೆಲ ಸಿಕ್ಕಾಗ ಅಂಬಿಗ ಮಗಳನ್ನು ತಬ್ಬಿಕೊಂಡು ಗಳಗಳನೆ ಅತ್ತ.

ಇಷ್ಟಕ್ಕೆ ಅವನಿಗೆ ಬುದ್ಧಿ ಬಂತು ಅಂದುಕೊಂಡೆಯಾ? ಮರುದಿನ ಬೆಳಿಗ್ಗೆಯೇ ಕೇರಿಯ ಪುಟ್ಟ ಮಕ್ಕಳನ್ನೆಲ್ಲ ಹಳೆಯ ಹರಿಗೋಲಿನಲ್ಲಿ ಸಾಲಾಗಿ ಕೂರಿಸಿ, "ಹೂಂ, ಬೋರಲಾಗಿ! ಕೈ ನೀರಿಗೆ! ಈಗ ಆಡಿ!" ಎಂದು ದಡದಲ್ಲಿ ನಿಂತು ಕೂಗತೊಡಗಿದ. ಮಕ್ಕಳು ಒಂದೊಂದಾಗಿ ಮೆಲ್ಲನೆ ಜಾರಿಕೊಂಡವು.

"ಏನೇ ಇದು! ಅಟ್ಟಿದರೂ ಹೋಗದವು, ಇವತ್ತು ಕರೆದರೂ ಬರುವುದಿಲ್ಲವಲ್ಲ!" ಎಂದು ಹೆಂಡತಿಯನ್ನು ಕೇಳಿದ.

"ಆಟವನ್ನೂ ಪಾಠ ಮಾಡಿಟ್ಟಿರಲ್ಲ ಮಹರಾಯರೇ! ನಿಮ್ಮ ಕೈಗೆ ಸಿಕ್ಕರೆ ಮಕ್ಕಳು ನಗುವುದಕ್ಕೂ ಒಂದು ವರಸೆ ಕಟ್ಟುತ್ತೀರಿ. ನಡೆಯಿರಿ ಮನೆಗೆ," ಎಂದು ಅವಳು ಅವನನ್ನು ಅಟ್ಟಿ, ಬಟ್ಟೆ ಒಗೆಯಲು ಕೂತಳು. ಅವನು ಮನೆ ಮುಟ್ಟುವಷ್ಟರಲ್ಲಿ ಹೊಳೆಯ ಕಡೆಯಿಂದ ಮಕ್ಕಳ ಕೇಕೆ ಕೇಳಿಸಿತು.

ಕತೆ ಮುಗಿಯಿತು. ಮರುಳಸಿದ್ದನ ಮುಖ ಅರಳಿತು.

"ತಿಳಿಯಿತು ಬುದ್ಧೀ. ಹಾಗಾದರೆ ನಾಳೆ ಹಿರಿಯರು ಬಂದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮರಳಿನಲ್ಲಿ ಏನೇನು ಕಲಿತಿದ್ದಾರೆ ಎಂದು ಮಾಡಿಸಿ ತೋರಿಸಲೇ?"

ಗುರುಗಳು ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು.

"ಮಕ್ಕಳು ಕೆಲಸದಲ್ಲಿದ್ದಾರೆ, ಯಾರಿಗೂ ಪುರುಸೊತ್ತಿಲ್ಲ ಅಂತ ಹೇಳಿ ಬಾಗಿಲು ಹಾಕಿಕೋ."